ಚಿಲಿಯವರಿಗೆ ಸ್ಕೇಟು ಕೊಟ್ಟ ಅಪರಾಧದ ಬಗ್ಗೆ, ಅಂಗಣಗಳ ಅಧೀಕ್ಷಕರಿಗೆ

ಮಾನ್ಯ ಅಧೀಕ್ಷಕರೇ,

ನಮ್ಮ ಬಡಾವಣೆಯ ಕ್ಲಬ್ಬಿನ ಸ್ಕೇಟು ಕೋಣೆಗೆ ತಾವು ಬೀಗ ಜಡಿದು, ಮೇಲೆ ಅರಗಿನ ಮುದ್ರೆ ಒತ್ತಿ, ಇವತ್ತಿಗೆ ಮೂವತ್ತೇಳು ದಿನವಾಯಿತು. ಇಪ್ಪತ್ತೆರಡು ವರ್ಷ ನನ್ನ ಸೊಂಟದಲ್ಲಿದ್ದ ಬೀಗದ ಕೈ ಈಗ ತಮ್ಮ ಮೇಜಿನ ಯಾವುದೋ ಡ್ರಾಯರಿನಲ್ಲಿದೆ. ನನ್ನ ಮೇಲಿನ ಆರೋಪವನ್ನು ತಮ್ಮ ನೋಟೀಸಿನ ಮಾತಿನಲ್ಲೇ ಹೇಳುವುದಾದರೆ, "ಕ್ಲಬ್ಬಿನ ಸಾಮಗ್ರಿಯನ್ನು ಪರರಾಷ್ಟ್ರದ ತಂಡಕ್ಕೆ ಅನುಮತಿಯಿಲ್ಲದೆ ಒದಗಿಸಿ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಾಷ್ಟ್ರದ ಹಿತಕ್ಕೆ ಧಕ್ಕೆ ತಂದಿರುವುದು." ಓದಿ ನನಗೆ ಹೆಮ್ಮೆಯೇ ಆಯಿತು. ಅರವತ್ತಮೂರು ವಯಸ್ಸಿನ, ಮಂಡಿನೋವಿನ ಹೆಂಗಸೊಬ್ಬಳು ಒಂದು ಮಧ್ಯಾಹ್ನದಲ್ಲಿ ರಾಷ್ಟ್ರಕ್ಕೇ ಧಕ್ಕೆ ತರಬಲ್ಲಳೆಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಅಪರಾಧ ನಡೆದದ್ದು ನಿಜ. ಆದರೆ ನೋಟೀಸಿನಲ್ಲಿ ಅರ್ಧ ಕಥೆ ಮಾತ್ರ ಇದೆ. ಉಳಿದರ್ಧವನ್ನು ಊರಿನ ಮುಂದೆ ಹೇಳಿಬಿಡುತ್ತೇನೆ.

ಸಾನ್ ಹುವಾನ್‌ನಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ರೋಲರ್ ಹಾಕಿಯ ಸ್ಕೇಟು ಕಟ್ಟುತ್ತಾರೆಂದು ತಾವೇ ಉದ್ಘಾಟನಾ ಭಾಷಣದಲ್ಲಿ ಹೇಳಿದಿರಿ. ಆ ಚಾಂಪಿಯನ್‌ಶಿಪ್ ನಮ್ಮೂರಿಗೆ ಮರಳಿ ಬರಲೆಂದು ನಾವು ಎಷ್ಟು ವರ್ಷ ಕಾದೆವು! ಮೊದಲ ಪಂದ್ಯವೇ ನಮ್ಮ ಅರ್ಜೆಂಟೀನಾಕ್ಕೂ ಚಿಲಿಗೂ. ಆಟಗಾರರ ಬಸ್ಸು ಸೋಮವಾರ ಸಂಜೆಗೇ ಬೆಟ್ಟ ದಾಟಿ ಬಂತು. ನಾಲ್ಕು ಗಂಟೆ ಹಿಂದಿದ್ದ ಸಾಮಾನಿನ ಲಾರಿ ಬರಲಿಲ್ಲ. ಹಿಮ ಬಿದ್ದು ಗಡಿಯ ದಾರಿ ಮುಚ್ಚಿತು. ಹತ್ತು ಮಂದಿ ಆಟಗಾರರು, ಮೈಮೇಲಿನ ಬಟ್ಟೆ ಬಿಟ್ಟರೆ ಒಂದು ಕೋಲೂ ಇಲ್ಲ, ಒಂದು ಚಕ್ರವೂ ಇಲ್ಲ. ಪಂದ್ಯ ಮಂಗಳವಾರ ರಾತ್ರಿ ಒಂಬತ್ತಕ್ಕೆ.

ಅವರ ತರಬೇತುದಾರ ರೆನಾಟೊ ಬುಸ್ತೋಸ್ ಮೊದಲು ಬಂದದ್ದು ತಮ್ಮ ಕಚೇರಿಗೇ. ಅಲ್ಲಿ ಎರಡು ಉತ್ತರ ಸಿಕ್ಕಿತಂತೆ. ಒಂದು, ಮಧ್ಯಾಹ್ನದ ನಿದ್ದೆಯ ಹೊತ್ತಾದ್ದರಿಂದ ಸಂಜೆ ಐದರ ಮೇಲೆ ಬರವಣಿಗೆಯಲ್ಲಿ ಕೊಡಿ. ಎರಡು, ತಂಡ ಅಂಗಣಕ್ಕೆ ಇಳಿಯದಿದ್ದರೆ ನಿಯಮದ ಪ್ರಕಾರ ಗೆಲುವು ಅರ್ಜೆಂಟೀನಾಕ್ಕೆ, ಚಿಂತೆಯೇನೂ ಇಲ್ಲ. ಚೆಂಡು ಮುಟ್ಟದೆ ಗೆಲ್ಲುವ ಈ ವಿದ್ಯೆಯನ್ನು ತಾವು ಯಾವ ಅಂಗಣದಲ್ಲಿ ಕಲಿತಿರೋ ಕಾಣೆ. ಎಂಟು ಸಾವಿರ ಜನ ಟಿಕೆಟು ಹಿಡಿದು ಬಂದು ಖಾಲಿ ನೆಲ ನೋಡಿಕೊಂಡು ಚಪ್ಪಾಳೆ ತಟ್ಟಬೇಕಿತ್ತೇ?

ಎರಡು ಗಂಟೆಗೆ ಆ ಮನುಷ್ಯ ನಮ್ಮ ಕ್ಲಬ್ಬಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ದೋನ್ಯಾ ನಿಲ್ದಾ ಅಂದ್ರೆ ನೀವೇನಾ? ಸೋಲೋದಕ್ಕೆ ನಮಗೆ ಬೇಜಾರಿಲ್ಲಮ್ಮ. ಆದ್ರೆ ಆಡಿ ಸೋಲ್ತೀವಿ."

ಇದಕ್ಕೆ ನಾನು ಏನು ಉತ್ತರ ಕೊಡಬೇಕಿತ್ತು, ಅಧೀಕ್ಷಕರೇ? ಬರವಣಿಗೆಯಲ್ಲಿ ಕೊಡಿ ಅನ್ನಬೇಕಿತ್ತೇ? ನಾನು ಬಾಗಿಲು ತೆಗೆದೆ. ಹುಡುಗರು ಒಳಗೆ ಬಂದು ಕಪಾಟಿನ ಮುಂದೆ ಸಾಲಾಗಿ ಕೂತು ಒಂದೊಂದೇ ಜೊತೆ ಹಾಕಿ ನೋಡಿದರು. ಕೋಲುಗಳನ್ನೂ ಆರಿಸಿ ಕೊಟ್ಟು, ದೊಡ್ಡ ಕ್ರೀಡಾಂಗಣದ ನೆಲಕ್ಕೆ ಹೊಂದುವ ಗಟ್ಟಿ ಚಕ್ರಗಳನ್ನು ನಾನೇ ಕೂತು ಬಿಗಿದೆ. ಒಬ್ಬನ ಪಾದ ಮಾತ್ರ ನಲವತ್ತಾರನೆಯ ಅಳತೆ. ಅಂಥ ಪಾದ ನಮ್ಮ ಬೀದಿಯಲ್ಲಿ ಕಟುಕ ಎರ್ಮಿಂದೊಗೆ ಮಾತ್ರ ಇರುವುದು, ಅವನೋ ಮಲಗಿದ್ದ. ಸಾನ್ ಹುವಾನ್‌ನಲ್ಲಿ ಊಟವಾಗಿ ಮಲಗಿದವನ ಬಾಗಿಲು ತಟ್ಟುವುದು ಎಂಥ ಪಾಪವೆಂದು ತಮಗೆ ಗೊತ್ತು. ನೋಟೀಸಿನಲ್ಲಿ ಇದನ್ನೂ ಸೇರಿಸಿದ್ದರೆ ನಾನು ತಲೆಬಾಗಿ ಒಪ್ಪುತ್ತಿದ್ದೆ. ಎರ್ಮಿಂದೊ ಕಿಟಕಿಯಿಂದ ನನ್ನ ವಂಶವನ್ನೆಲ್ಲ ಬೈದು, ಅದೇ ಕಿಟಕಿಯಿಂದ ಸ್ಕೇಟು ಎಸೆದು, ಮತ್ತೆ ಮಲಗಿದ.

ಉಳಿದದ್ದು ಗೋಲ್‌ಕೀಪರನ ಕವಚ. ಒಳ್ಳೆಯ ಪ್ಯಾಡುಗಳಿದ್ದದ್ದು ನನ್ನ ಅಣ್ಣ ತೆಲ್ಮೋನ ಹತ್ತಿರ. ಅವನು ಮೂವತ್ತು ವರ್ಷದ ಹಿಂದೆ ಈ ಪ್ರಾಂತ್ಯದ ಗೋಲು ಕಾಯುತ್ತಿದ್ದವನು. ಅತ್ತಿಗೆ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅಂಗಣದ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಪ್ಯಾಡುಗಳು ಮಾತ್ರ ಬೀರುವಿನ ಮೇಲೆ, ವಾರಕ್ಕೊಮ್ಮೆ ಎಣ್ಣೆ ಸವರಿಸಿಕೊಂಡು, ರಾಜರಂತೆ ಮಲಗಿದ್ದವು.

"ಚಿಲಿಯವನ ಕಾಲಿಗೆ ನನ್ನ ಪ್ಯಾಡಾ? ನಿಂಗೇನು ಬಿಸಿಲು ತಲೆಗೇರಿದೆಯೇನೇ ನಿಲ್ದಾ?"

"ಬೀರುಗೆ ಯಾಕಣ್ಣ ಪ್ಯಾಡು? ಅದಕ್ಕೆ ಯಾರು ಗೋಲು ಹೊಡೀತಾರೆ?" ಅಂದೆ.

ನನ್ನ ಹಿಂದೆ ಅವರ ಗೋಲ್‌ಕೀಪರ್ ನಿಬಾಲ್ದೊ ನಿಂತಿದ್ದ. ಇಪ್ಪತ್ತು ದಾಟಿದ ಹುಡುಗ, ಇದು ಅವನ ಮೊದಲ ವಿಶ್ವ ಚಾಂಪಿಯನ್‌ಶಿಪ್. ತೆಲ್ಮೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿತ್ತಲಿನ ದ್ರಾಕ್ಷಿ ಚಪ್ಪರದ ಕೆಳಗೆ ಗೋಲು ಕಾಯುವವರಂತೆ ಕುಕ್ಕರಗಾಲಿನಲ್ಲಿ ಕೂರಿಸಿ, ತಾನೇ ಕೋಲು ಹಿಡಿದು ಚೆಂಡು ಹೊಡೆಯತೊಡಗಿದ. ಮೊದಲ ಮೂರು ಒಳಗೆ ಹೋದವು.

"ಏಳಬೇಡ ಕಣೋ! ಚೆಂಡು ಬರೋಕೆ ಮುಂಚೆ ಏಳ್ತೀಯ. ಕೂತಿರು. ಹೆದರಿಕೆಯಾದ್ರೆ ಇನ್ನೂ ಕೆಳಗೆ ಕೂರು."

ನಾಲ್ಕನೆಯದನ್ನು ಹುಡುಗ ಹಿಡಿದ. ಐದನೆಯದನ್ನೂ ಹಿಡಿದ. ಆಮೇಲೆ ಎರಡು ಗಂಟೆ ನಾನು ಅಲ್ಲಿರುವುದನ್ನೇ ಇಬ್ಬರೂ ಮರೆತರು. ಅಣ್ಣ ತನ್ನ ಕೈಯಾರೆ ಪ್ಯಾಡಿನ ಪಟ್ಟಿ ಬಿಗಿಯುತ್ತ, "ಲಾರಿ ಬಂದ ದಿನ ತಂದುಕೊಡು. ಒದ್ದೆ ಮಾಡಿ ಇಡಬೇಡ," ಎಂದಷ್ಟೇ ಹೇಳಿದ. ಸಂಜೆ ಹೊಸ ಅಂಗಿ ತೊಟ್ಟು, ನನಗಿಂತ ಮೊದಲು ಬಸ್‌ಸ್ಟಾಪಿನಲ್ಲಿ ನಿಂತಿದ್ದ.

ಪಂದ್ಯ ತಾವೂ ನೋಡಿದಿರಿ, ಗಣ್ಯರ ಸಾಲಿನಲ್ಲಿ. ನಮ್ಮ ಕಣ್ಣಿಗೆ ಅದು ಹಬ್ಬ. ಎರಡೆರಡು ಗೋಲು ಸಮ. ಕೊನೆಯ ನಿಮಿಷದಲ್ಲಿ ನಮಗೆ ಪೆನಾಲ್ಟಿ. ಕ್ರೀಡಾಂಗಣವೆಲ್ಲ ಎದ್ದು ನಿಂತಿತು. ನಮ್ಮ ನಾಯಕ ಓಡಿ ಬಂದ, ಕೋಲು ಬೀಸಿದ. ನಿಬಾಲ್ದೊ ಏಳಲಿಲ್ಲ. ಇನ್ನೂ ಕೆಳಗೆ ಕೂತ. ಚೆಂಡು ಎಡಗಾಲಿನ ಪ್ಯಾಡಿಗೆ ಬಡಿದು ಛಟ್ಟನೆ ಸಿಡಿದು ಹೋಯಿತು.

ಎಂಟು ಸಾವಿರ ಜನ ಉಸಿರು ಬಿಗಿಹಿಡಿದ ಆ ಮೌನದಲ್ಲಿ ಒಬ್ಬನೇ ಒಬ್ಬ ಮುದುಕ ಕುರ್ಚಿಯ ಮೇಲೆ ಹತ್ತಿ, "ಭೇಷ್ ಮಗನೇ!" ಎಂದು ಕೂಗಿದ. ಹಿಂದಿನ ಸಾಲಿನವನೊಬ್ಬ ಅವನ ಅಂಗಿ ಹಿಡಿದೆಳೆದ.

"ಏನಯ್ಯಾ, ನೀನು ಯಾವ ಕಡೆಯವನು?"

"ನಾನು ನನ್ನ ಪ್ಯಾಡಿನ ಕಡೆಯವನು!" ಅಂದ ತೆಲ್ಮೊ.

ಮೊದಲು ನಕ್ಕದ್ದು ಅಂಗಿ ಎಳೆದವನೇ. ಆಮೇಲೆ ಸುದ್ದಿ ಸಾಲಿನಿಂದ ಸಾಲಿಗೆ ಹರಡಿತು: ಲಾರಿ, ಹಿಮ, ಎರ್ಮಿಂದೊನ ಸ್ಕೇಟು, ಎಲ್ಲ. ಆಟ ಮುಗಿದು ಎರಡೂ ತಂಡ ಕೈಕುಲುಕುವ ಹೊತ್ತಿಗೆ ಸಾನ್ ಹುವಾನ್‌ನವರು ಎದ್ದು ನಿಂತು ಚಿಲಿಯವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಆಯುಷ್ಯದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಗಣ್ಯರ ಸಾಲು ಅಷ್ಟರಲ್ಲಿ ಖಾಲಿಯಾಗಿತ್ತು.

ಗುರುವಾರ ಲಾರಿ ಬಂತು. ಶುಕ್ರವಾರ ಚಿಲಿಯ ಹುಡುಗರು ಸಾಮಾನೆಲ್ಲ ಹಿಂದಿರುಗಿಸಿದರು. ಸವೆದ ಚಕ್ರಗಳ ಜಾಗದಲ್ಲಿ ಹೊಸವು, ಹರಿದ ಲೇಸಿನ ಜಾಗದಲ್ಲಿ ಹೊಸ ಲೇಸು. ಎರ್ಮಿಂದೊಗೆ ಒಂದು ಬಾಟಲಿ ಪಿಸ್ಕೊ. ಅದನ್ನು ಕುಡಿದ ಮೇಲೆ ಅವನು ನನ್ನ ವಂಶದ ಬಗ್ಗೆ ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಂಡ. ಕೊನೆಗೆ ನಮ್ಮ ತಂಡಕ್ಕೆ ಕಂಚು ಬಂತು. ಸೆಮಿಫೈನಲಿನಲ್ಲಿ ನಮ್ಮವರನ್ನು ಸೋಲಿಸಿದ್ದು ಪೋರ್ಚುಗಲ್; ಅವರಿಗೆ ನಾನು ಒಂದು ಲೇಸನ್ನೂ ಕೊಟ್ಟಿಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ. ಆದರೂ ಕೈತಪ್ಪಿದ ಚಿನ್ನಕ್ಕೆ ಯಾರಾದರೊಬ್ಬರು ಹೊಣೆಯಾಗಬೇಕಲ್ಲ, ನಾನು ಸಿಕ್ಕಿದೆ.

ನನಗೆ ಶಿಕ್ಷೆಯಾದರೆ ಆಗಲಿ. ಆದರೆ ಆ ಕೋಣೆಯೊಳಗೆ ನಮ್ಮ ಬಡಾವಣೆಯ ಅರವತ್ತು ಮಕ್ಕಳ ಸ್ಕೇಟುಗಳಿವೆ. ಯಾವ ಮಗು ಯಾವ ರಾಷ್ಟ್ರದ್ರೋಹ ಮಾಡಿತು? ಪಂದ್ಯದ ಮರುವಾರದಿಂದ ತೆಲ್ಮೊ ದಿನಾ ಸಂಜೆ ಐದಕ್ಕೆ ಕ್ಲಬ್ಬಿಗೆ ಬಂದು ಹುಡುಗಿಯರಿಗೆ ಗೋಲು ಕಾಯುವುದನ್ನು ಕಲಿಸತೊಡಗಿದ್ದ. ಹನ್ನೊಂದು ವರ್ಷ ಮಾತು ಸತ್ತಿದ್ದ ಮನುಷ್ಯ ಈಗ ಬೀದಿಗೆಲ್ಲ ಕೇಳುವಂತೆ ಬೈಯುತ್ತಾನೆ. ಆ ಬೈಗುಳ ನಮಗೆ ಎಷ್ಟು ಬೆಲೆಬಾಳುತ್ತದೆಂದು ತಮಗೆ ಹೇಗೆ ವಿವರಿಸಲಿ? ಬೀಗ ಬಿದ್ದ ಮೇಲೂ ಅವನು ಬರುವುದನ್ನು ಬಿಟ್ಟಿಲ್ಲ. ಮಕ್ಕಳು ಸ್ಕೇಟಿಲ್ಲದೆ, ಚಪ್ಪಲಿಕಾಲಲ್ಲಿ, ಗಲ್ಲಿಯಲ್ಲೇ ಪಾಠ ಕಲಿಯುತ್ತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು: ಬರುವ ಶುಕ್ರವಾರದೊಳಗೆ ಮುದ್ರೆ ಒಡೆದು ಬೀಗದ ಕೈ ಕೊಡಿ. ನನಗೆ ಬೇಡ, ಇನ್ನಾರಿಗಾದರೂ ಕೊಡಿ. ಕೋಣೆ ತೆರೆದರೆ ಸಾಕು. ಕೊಡದಿದ್ದರೆ ಶನಿವಾರ ಸಂಜೆ ಐದಕ್ಕೆ ಪಾಠ ತಮ್ಮ ಕಚೇರಿಯ ಅಂಗಳದಲ್ಲಿ ನಡೆಯುತ್ತದೆ. ಅಕ್ಕಪಕ್ಕದ ಬಡಾವಣೆಗಳವರು ಸ್ಕೇಟು ಕೊಡಲು ಒಪ್ಪಿದ್ದಾರೆ. ನಾನು ಖುದ್ದಾಗಿ ಬಂದು ನೆಲ ನೋಡಿದ್ದೇನೆ. ಬಹಳ ನುಣುಪು, ಮೆತ್ತನೆಯ ಚಕ್ರ ಸಾಕು. ಗೋಲು ಎಲ್ಲಿ ಎಂಬ ಪ್ರಶ್ನೆ ಬಂದಾಗ, ತಮ್ಮ ಕೋಣೆಯ ಬಾಗಿಲಿನ ಅಗಲ ಸರಿಹೋಗುತ್ತದೆಂದು ತೆಲ್ಮೊ ಹೇಳಿದ. ಅವನೇ ಅಲ್ಲಿ ಪ್ಯಾಡು ಕಟ್ಟಿ ಕೂರುತ್ತಾನೆ. ತಾವು ಐದರ ಮೇಲೆ ಕಚೇರಿಗೆ ಬರುವುದಾದರೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ಅಣ್ಣನನ್ನು ದಾಟಿ ಒಳಗೆ ಹೋಗುವುದು ಅಷ್ಟು ಸುಲಭವಲ್ಲ.

ಇಂತಿ,
ರಾಷ್ಟ್ರಕ್ಕೆ ಧಕ್ಕೆ ತಂದು ಮಂಡಿ ಉಜ್ಜಿಕೊಳ್ಳುತ್ತ ಕೂತಿರುವ,
ನಿಲ್ದಾ ಔಮಾದಾ,
ಮಾಜಿ ಸ್ಕೇಟು ಕೋಣೆಯವಳು