ಬಾವಿಯಿಂದ ಬಂದ ಹಂಬರ್

ಚಳ್ಳಕೆರೆ
೨೪ ಮೇ ೧೯೯೮, ಭಾನುವಾರ

ಮಗಳೇ ಗೌರಿ,

ನಿನಗೂ ಅಳಿಯಂದಿರಿಗೂ ಪಾಪುವಿಗೂ ಅವ್ವನ ಆಶೀರ್ವಾದ. ಎರಡು ಕಾಗದ ಬರೆದರೂ ಒಂದಕ್ಕೂ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪು ನನ್ನದೇ. ಆದರೆ ಪೆನ್ನು ಹಿಡಿದಾಗಲೆಲ್ಲ ಯಾರಾದರೊಬ್ಬರು ಸೈಕಲ್ ನೋಡಲು ಬಂದುಬಿಡುತ್ತಾರೆ. ಕಾಫಿ ಮಾಡಿ ಮಾಡಿ ಕೈ ಸೋತುಹೋಗಿದೆ. ಬಂದವರೆಲ್ಲ ಅದನ್ನು ಮುಟ್ಟಿ ‘ಅಯ್ಯೋ ಪಾಪ’ ಅನ್ನುತ್ತಾರೆ, ಆಮೇಲೆ ನನ್ನ ಹಣೆ ನೋಡುತ್ತಾರೆ. ಕುಂಕುಮ ಇನ್ನೂ ಇದೆಯೋ ಇಲ್ಲವೋ ಅಂತ. ಇದೆಯಮ್ಮ, ಇವತ್ತಿನವರೆಗೂ ಇದೆ.

ನಿನ್ನ ಚಿಕ್ಕಪ್ಪ ಚಂದ್ರಶೇಖರ್ ಫೋನಿನಲ್ಲಿ ಅರ್ಧಂಬರ್ಧ ಹೇಳಿರುತ್ತಾನೆ. ಕೊಂಡ್ಲಹಳ್ಳಿ ದಾರಿಯಲ್ಲಿ ರಸ್ತೆಗೆ ಹತ್ತಿಕೊಂಡೇ ಒಂದು ಹಾಳು ಬಾವಿಯಿದೆ. ಆ ಹೊಲದ ಮರುಳಪ್ಪ ಈ ಬೇಸಿಗೆಯಲ್ಲಿ ಅದರ ಹೂಳು ತೆಗೆಸಿದ. ಕೆಸರಿನ ಜೊತೆ ಒಂದು ಸೈಕಲ್ಲೂ ಮೇಲೆ ಬಂತು. ನಿನ್ನಪ್ಪ ಜಂಬುಲಿಂಗಪ್ಪನವರು ಎಪ್ಪತ್ತೆರಡರಲ್ಲಿ ಆ ದಾರಿಯಲ್ಲೇ ಸೈಕಲ್ ಸಮೇತ ಕಾಣೆಯಾದ ಕಥೆ ಅವನಿಗೂ ಗೊತ್ತಿತ್ತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನೇರ ನಮ್ಮ ಮನೆಗೇ ತಂದ. ಬೇರೇನಾದರೂ ಸಿಕ್ಕಿತೇ ಅಂತ ಬಾಯಿಬಿಟ್ಟು ಕೇಳಿದೆ. “ತಳ ಸಿಕ್ಕಿಲ್ಲ ಕಣಮ್ಮ. ನೀರು ಉಕ್ತಾ ಐತೆ, ಆಳುಗಳು ಇಳಿಯಾಕೆ ಒಲ್ಲೆ ಅಂತಾರೆ” ಅಂದ. ನೆಲ ನೋಡುತ್ತಲೇ ಹೇಳಿದ, ಪಾಪ.

ನಿನ್ನಪ್ಪ ಹೊರಟಾಗ ನೀನು ತೊಟ್ಟಿಲಲ್ಲಿದ್ದೆ. “ನಿಮ್ಮಪ್ಪನ ಹತ್ರ ಬಿತ್ತನೆ ಕಡ್ಲೆಕಾಯಿ ಐತಂತೆ, ನೋಡ್ಕೊಂಡು ಸಂಜೀಗೆ ಬರ್ತೀನಿ” ಅಂದರು. ಕೊಂಡ್ಲಹಳ್ಳಿಯ ನನ್ನ ತವರನ್ನು ಅವರು ಮುಟ್ಟಲೇ ಇಲ್ಲ. ಆಮೇಲೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಸನ್ಯಾಸಿಯಾದರು ಅಂದರು, ಯಾರನ್ನೋ ಇಟ್ಟುಕೊಂಡರು ಅಂದರು, ಬಳ್ಳಾರಿಯಲ್ಲಿ ಕಂಡೆವು ಅಂದರು. ಆ ಎದುರುಮನೆ ಮೂಗಮ್ಮ ನನ್ನ ಮುಖಕ್ಕೇ “ಗಂಡನ್ನ ಹಿಡ್ಕಳಾಕೂ ಪುಣ್ಯ ಬೇಕವ್ವ” ಅಂದಿದ್ದಳು. ಅವಳ ನಾಲಿಗೆಗಿಷ್ಟು ಬೆಂಕಿ ಹಾಕ.

ಈಗ ನೋಡು ನನ್ನ ಪಾಡು. ಸೈಕಲ್ ಅವರದೇ ಆದರೆ, ಹೊರಟ ದಿನವೇ ಬಾವಿಗೆ ಬಿದ್ದು ತೀರಿಕೊಂಡರು, ನಾನು ವಿಧವೆ. ಅವರದಲ್ಲದಿದ್ದರೆ ಗಂಡ ಬಿಟ್ಟುಹೋದವಳು. ದೇವರ ಮುಂದೆ ಕೂತು ಏನು ಬೇಡಿಕೊಂಡೆ ಗೊತ್ತಾ? ಅವರದೇ ಆಗಿರಲಿ ಅಂತ. ಸತ್ತಿದ್ದರೂ ಸರಿ, ನನ್ನನ್ನು ಬಿಟ್ಟು ಹೋಗಿರಬಾರದು ಅಂತ. ಎಂಥ ಹೆಂಡತಿ ಅನ್ನುತ್ತೀಯೇನೋ. ಅನ್ನು.

ತಂದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಹಿತ್ತಲಲ್ಲಿ ಕೂತು ಅದಕ್ಕೆ ಬಿಂದಿಗೆಗಟ್ಟಲೆ ನೀರು ಹೊಯ್ದು, ಪೂಜೆ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಅದು ಮೊದಲು ನನ್ನ ಅಪ್ಪನ ಸೈಕಲ್ ಅಲ್ಲವೇ? ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು. ಚಿಕ್ಕಂದಿನಲ್ಲಿ ಪ್ರತಿ ಆಯುಧಪೂಜೆಗೆ ಅದನ್ನು ತೊಳೆಯುವ ಕೆಲಸ ನನ್ನದೇ. ಪೆಡಲಿನ ದೊಡ್ಡ ಚಕ್ರದಲ್ಲಿ ಕೈ ಕೈ ಹಿಡಿದುಕೊಂಡ ಪುಟ್ಟ ಮನುಷ್ಯರ ಆಕಾರ ಕೊರೆದಿದ್ದರು. ಅವರಲ್ಲೊಬ್ಬನ ಕಾಲು ಮುರಿದಿತ್ತು. ಅವನಿಗೆ ಕುಂಟಪ್ಪ ಅಂತ ಹೆಸರಿಟ್ಟು, ಬೇರೆಯವರಿಗಿಂತ ಅವನಿಗೆ ಒಂದು ಬೊಟ್ಟು ಜಾಸ್ತಿ ಇಡುತ್ತಿದ್ದೆ. ಮಣ್ಣು ಕರಗಿ ಹೋದ ಹಾಗೆ ಒಬ್ಬೊಬ್ಬನೇ ಈಚೆ ಬಂದ. ಕೊನೆಗೆ ಕುಂಟಪ್ಪನೂ ಬಂದ. ಕೂತಲ್ಲೇ ಅತ್ತುಬಿಟ್ಟೆ ಮಗಳೇ. ದುಃಖಕ್ಕಲ್ಲ, ಅವರು ನನ್ನನ್ನು ಬಿಟ್ಟು ಹೋಗಿರಲಿಲ್ಲ ಅಂತ. ಆ ಒಂದು ಗಳಿಗೆ ಎಷ್ಟು ಹಗುರಾಗಿದ್ದೆ ಅಂತ ನಿನಗೆ ಹೇಗೆ ಹೇಳಲಿ!

ಮಾರನೇ ದಿನ ಚಂದ್ರಶೇಖರ್ ಬಸ್ ಸ್ಟ್ಯಾಂಡಿನ ಸೈಕಲ್ ಶಾಪಿನ ಶರೀಫ್ ಸಾಬರನ್ನು ಕರೆತಂದ. ನಾಳೆ ನಾಲ್ಕು ಜನ ಕೇಳಿದರೆ ಹೇಳೋಕೆ ಬೇಕಲ್ಲ ಅಂದ. ಸೈಕಲ್ ಕಂಪನಿಯ ಹೆಸರಿನ ಪಟ್ಟಿ ಉದುರಿಹೋಗಿತ್ತು. ಚಂದ್ರಶೇಖರ್ “ಅಣ್ಣಂದು ರ್‍ಯಾಲಿ” ಅಂತ ಹಟ ಹಿಡಿದ, ನಾನು ಹಂಬರ್ ಅಂದೆ. ಸಾಬರು ಕನ್ನಡಕ ಏರಿಸಿ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಸವರಿದರು. “ಅಮ್ಮ ಹೇಳೋದೇ ಸರಿ ಸ್ವಾಮಿ. ನೋಡ್ರಿ, ಒಂದೊಂದು ಕಾಲಿಗೂ ಎರಡೆರಡು ಪೈಪ್ ಐತೆ. ಹಂಬರ್‌ಗೇ ಹಿಂಗೆ” ಅಂದರು. ಹಿಂದಿನ ಚಕ್ರದ ನಡುವಿನ ಗೇರಿನ ಗುಂಬಕ್ಕೆ ಸೀಮೆಎಣ್ಣೆ ಹಾಕಿ ಉಜ್ಜಿ, “ಇಲ್ಲೇ ಇಸ್ವಿ ಒತ್ತವ್ರೆ, ಐವತ್ತೆರಡು. ಇಂಗ್ಲೆಂಡಿನ ಮಾಲು. ನಿಮ್ಮ ಸಾಹುಕಾರ್ರು ಇದೇ ಗಾಡೀನ ನನ್ ಹತ್ರ ರಿಪೇರಿಗೆ ಬಿಡೋರು, ಆ ಟಿಕಿಟಿಕಿ ಸದ್ದು ನಂಗೆ ಮರೆಯಾಕಿಲ್ಲ” ಅಂದರು.

ಆಗ ಚಂದ್ರಶೇಖರ್ ಸೈಕಲ್ಲಿನ ಅಡ್ಡ ಬಾರಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದ ಪುಟ್ಟ ಕಬ್ಬಿಣದ ಸೀಟು ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ. “ನೋಡ್ರಿ ಅತ್ತಿಗೆ, ಅಣ್ಣ ಗೌರೀನ ಇದರ ಮ್ಯಾಲೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ತಿದ್ದ. ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತೆ” ಅಂದ. ಶರೀಫ್ ಸಾಬರು ಏನೋ ಹೇಳಲು ಹೋಗಿ ನನ್ನ ಮುಖ ನೋಡಿದರು. ನಾನು ಚಂದ್ರಶೇಖರನಿಗೆ ಹೂಂ ಅಂದೆ. ಅವರ ಬೆರಳು ಹ್ಯಾಂಡಲಿನ ಕೆಳಗೆ ತುಕ್ಕು ಹಿಡಿಯದೆ ಉಳಿದ ದುಂಡನೆಯ ಜಾಗದ ಹತ್ತಿರ ನಿಂತಿತು. “ಇಲ್ಲೇನೋ ಇತ್ತಲ್ರೀ ಅಮ್ಮಾ?” ಅಂದರು. “ಇತ್ತು” ಅಂದೆ. ಅವರು ಬಟ್ಟೆಯಿಂದ ಆ ಜಾಗ ಒರೆಸಿ, “ಲ್ಯಾಂಪಿನ ಕ್ಲಿಪ್ ಇರಬೇಕು, ಜಾನೇ ದೋ, ಹೋಗ್ಲಿ ಬಿಡ್ರಿ” ಅಂದು ಎದ್ದರು. ಕಾಫಿ ಕುಡಿಯದೇ ಹೋದರು.

ಈಗ ಸೈಕಲ್ ಪಡಸಾಲೆಯ ಗೋಡೆಗೆ ಒರಗಿದೆ. ತುಕ್ಕು ಹಿಡಿದು ಚಕ್ರ ಕಲ್ಲಾಗಿದೆ, ಇಬ್ಬರು ಗಂಡಸರು ಸೇರಿದರೂ ತಿರುಗಲಿಲ್ಲ. ಆದರೂ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕೂತರೆ ಆ ಟಿಕಿಟಿಕಿ ಕೇಳುತ್ತದೆ. ಮೊದಲೆಲ್ಲ ಆ ಸದ್ದು ಬೀದಿಯ ಮೂಲೆಗೆ ಬಂದರೆ ಸಾಕು, ನಾನು ಕೈ ಕಾಲಿಗೆ ನೀರು ತೆಗೆದಿಡುತ್ತಿದ್ದೆ. ಮೊನ್ನೆ ಅದೇ ರೂಢಿಯಲ್ಲಿ ಎದ್ದು ಹೋಗಿ ಚೊಂಬು ತುಂಬಿ ಬಾಗಿಲಲ್ಲಿಟ್ಟು ಬಂದೆ. ಕೆಲಸದ ಲಕ್ಷ್ಮಕ್ಕ “ಯಾರು ಬಂದ್ರವ್ವ?” ಅಂದಳು. ಏನು ಹೇಳಲಿ ಅವಳಿಗೆ? ಸದ್ದು ಬೀದಿಯಿಂದ ಒಳಗೆ ಬರುತ್ತಿದೆಯೋ, ಪಡಸಾಲೆಯಿಂದ ಆಚೆ ಹೋಗುತ್ತಿದೆಯೋ ನನಗೇ ತಿಳಿಯುವುದಿಲ್ಲ. ಭಯವಾಗುತ್ತದೆ ಗೌರಿ. ನಗಬೇಡ.

ಮಠದ ಸ್ವಾಮಿಗಳು ಇನ್ನು ತಡಮಾಡಬೇಡಿ ಅಂದಿದ್ದಾರೆ. ನಾಳಿನ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ನಿನ್ನಪ್ಪನ ಹೆಸರಲ್ಲಿ ಶಿವಗಣಾರಾಧನೆ. ಆವತ್ತು ತಾಳಿ, ಬಳೆ ಎಲ್ಲ ತೆಗೆಯುವುದು. ನಾನೇ ಒಪ್ಪಿಕೊಂಡಿದ್ದೇನೆ. ಯಾರೂ ಬಲವಂತ ಮಾಡಿಲ್ಲ, ಚಿಕ್ಕಪ್ಪನ ಮೇಲೆ ಹರಿಹಾಯಬೇಡ. ಮೂಗಮ್ಮ ಕೂಡ ಬಂದು ಕೈ ಹಿಡಿದು ಅತ್ತು ಹೋದಳು. ಇಷ್ಟು ವರ್ಷಕ್ಕೆ ನನಗೂ ಒಂದು ಮರ್ಯಾದೆ ಬಂದಿದೆ. ಅಳಿಯಂದಿರಿಗೆ ರಜೆ ಸಿಗದಿದ್ದರೆ ನೀನೊಬ್ಬಳಾದರೂ ಬಾ. ಎರಡು ದಿನ ಮುಂಚೆ ಬಾ. ಪಾಪುವಿನ ಕೆಮ್ಮಿಗೆ ದೊಡ್ಡಪತ್ರೆ ರಸಕ್ಕೆ ಜೇನು ಸೇರಿಸಿ ಕೊಡು. ನಿನ್ನ ಮನೆಯ ದೀಪ ಸದಾ ಹೀಗೇ ಉರಿಯಲಿ, ನಿನ್ನ ಹಣೆ ತುಂಬಿರಲಿ.

ನಿನ್ನ ಅವ್ವ,
ಸುಲೋಚನಮ್ಮ

ಮತ್ತೆ: ಕಾಗದ ಮಡಿಸಿದ್ದೆ, ಮನಸ್ಸು ತಡೆಯದೆ ಬಿಚ್ಚಿದೆ. ಇದನ್ನು ಅಳಿಯಂದಿರಿಗೂ ತೋರಿಸಬೇಡ.

ಇದರ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟಿರುವುದು ಸೈಕಲ್ ತೆರಿಗೆ ಕಟ್ಟಿದವರಿಗೆ ಆಗೆಲ್ಲ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆ. ಹುಣಸೆಹಣ್ಣು ಹಚ್ಚಿ ಉಜ್ಜುವಾಗ ಹ್ಯಾಂಡಲಿನ ಕೆಳಗೆ ಸಿಕ್ಕಿತು. ಕುಂಟಪ್ಪನನ್ನು ಕಂಡು ಅತ್ತ ಕಣ್ಣೀರು ಇನ್ನೂ ಆರಿರಲಿಲ್ಲ. ಯಾರೂ ಬರುವ ಮೊದಲು ತಿರುಪು ಬಿಚ್ಚಿ ಸೆರಗಿಗೆ ಕಟ್ಟಿಕೊಂಡೆ. ಅಕ್ಷರ ತೆಲುಗಿನದು. ನಮ್ಮ ಅಜ್ಜಿ ನನಗೆ ತೆಲುಗು ಓದಲು ಯಾಕಾದರೂ ಕಲಿಸಿದಳೋ. ‘ರಾಯದುರ್ಗ’ ಅಂತಿದೆ. ಕೆಳಗೆ ವರ್ಷ, ೧೯೭೫–೭೬.

ಅವರು ಹೋದದ್ದು ಎಪ್ಪತ್ತೆರಡರಲ್ಲಿ. ನನ್ನ ತವರಿನ ಆಚೆ, ಮೊಳಕಾಲ್ಮೂರು ದಾಟಿದರೆ ಆಂಧ್ರದ ರಾಯದುರ್ಗ. ಬಸ್ಸಿನಲ್ಲಿ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದಾದ ಊರು. ಅಲ್ಲಿ ತೆರಿಗೆ ಕಟ್ಟಿಕೊಂಡು, ಸೈಕಲ್ ತುಳಿದುಕೊಂಡು ಇದ್ದರು ಮಗಳೇ. ನಾನಿಲ್ಲಿ ಬಾಗಿಲಲ್ಲಿ ನೀರಿಟ್ಟು ಕಾಯುತ್ತಿದ್ದೆ.

ಮತ್ತೆ ಆ ಸೀಟು. ಚಂದ್ರಶೇಖರನಿಗೆ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ! ನೀನು ಆ ಸೈಕಲ್ ಹತ್ತಿದವಳೇ ಅಲ್ಲ, ನಿನಗಾಗ ಕತ್ತು ಕೂಡ ನಿಂತಿರಲಿಲ್ಲ. ಅದನ್ನು ಅವರು ಆಮೇಲೆ ಹಾಕಿಸಿದ್ದಾರೆ. ಎಪ್ಪತ್ತೈದರಲ್ಲಿ ನೀನು ಅದರಲ್ಲಿ ಕೂರುವಷ್ಟಾಗಿದ್ದೆ. ಬೇರೆ ಯಾವ ಮಗುವಾದರೂ ಆಗಿರಬಹುದು. ಆದರೆ ಸೈಕಲ್ ಸಿಕ್ಕಿದ್ದು ರಾಯದುರ್ಗದಲ್ಲಲ್ಲ, ನಮ್ಮೂರಿನ ದಾರಿಯಲ್ಲಿ. ನಿನ್ನನ್ನು ಕೂರಿಸಿಕೊಳ್ಳಲು ಬರುತ್ತಿದ್ದರೋ, ಯಾರನ್ನೋ ಕೂರಿಸಿಕೊಂಡು ಇನ್ನೆಲ್ಲಿಗೋ ಹೋಗುತ್ತಿದ್ದರೋ? ಮರುಳಪ್ಪನಿಗೆ ಬಾವಿಯ ತಳ ಇನ್ನೂ ಸಿಕ್ಕಿಲ್ಲ. ಸಿಗದಿರಲಿ ಅಂತ ಈಗ ಬೇಡಿಕೊಳ್ಳುತ್ತಿದ್ದೇನೆ.

ಸೋಮವಾರ ಎಲ್ಲರೂ ನಾನು ಅಳಲಿ ಅಂತ ನನ್ನನ್ನೇ ನೋಡುತ್ತಾರೆ. ಎರಡು ದಿನ ಮುಂಚೆ ಬಾ ಅಂದದ್ದು ಅದಕ್ಕೇ. ಬಂದು, ಆ ಸೀಟನ್ನು ಒಮ್ಮೆ ಮುಟ್ಟಿ ನೋಡಿ, ‘ಅವ್ವ, ಇದು ನಂದೇ’ ಅಂತ ಒಂದು ಮಾತು ಹೇಳಿಬಿಡು. ಸುಳ್ಳಾದರೂ ಹೇಳು. ಆಗ ಅಳುತ್ತೇನೆ.