ನಿನ್ನ ಫೋಟೊ ಮುಂದಿನ ತೌಡು

ಯಪ್ಪಾ,

ನಿನ್ನನ್ನು ಮಣ್ಣು ಮಾಡಿ ಬಂದಾಗಿನಿಂದ ಎಲ್ಲರೂ ನಿನ್ನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದಾರೆ. ಸತ್ತವರ ಬಗ್ಗೆ ಹಾಗೇ ಹೇಳಬೇಕಂತೆ. ನಾನು ಹೇಳುವುದಿಲ್ಲ. ಓದಲು ಮನಸ್ಸಿಲ್ಲದಿದ್ದರೆ ಈ ಕಾಗದವನ್ನು ಈಗಲೇ ಮಡಿಚಿಡು.

ನೆನಪಿದೆಯಾ, ದೇವದುರ್ಗದ ಕಡೆ ಕೃಷ್ಣಾ ದಂಡೆಯಲ್ಲಿ ಭೀಮಣ್ಣನ ದೋಣಿ ಕೇಳಿ ತಗೊಂಡಿದ್ದು? ಮೀನು ಹಿಡಿದು ಬದುಕುವವನು, ನಿನ್ನ ಮುಖ ನೋಡಿ ಕೊಟ್ಟ. ನಿನಗೋ ಬೀಗರ ಮುಂದೆ ದೊಡ್ಡಸ್ತಿಕೆ ತೋರಿಸಬೇಕಿತ್ತು. "ದೋಣಿ ನಡ್ಸೂದೇನ್ ಮಹಾ? ನಾ ಎಂಥೆಂಥಾ ಮೋಟ್ರು ನಡ್ಸೀನಿ" ಅಂದೆ. ನೇರ ಹೋಗಿ ಬಂಡೆಗೆ ಹೊಡೆದೆ. ದೋಣಿ ಓರೆಯಾಗಿ ನೀರು ನುಗ್ಗಿತು. ಬೀಗರ ಧೋತರ ನೆನೆಯಿತು, ಜೊತೆಗೆ ನೀರಿನಡಿ ಮೀನು ಎಲ್ಲಿದೆ ಎಂದು ತೋರಿಸುವ ಭೀಮಣ್ಣನ ಯಂತ್ರವೂ ನೆನೆಯಿತು. ಕರಾವಳಿಯ ಕಡೆಯಿಂದ ಆಸೆಪಟ್ಟು ತರಿಸಿಕೊಂಡಿದ್ದ ಯಂತ್ರ ಅದು.

ಅದನ್ನು ರಾಯಚೂರಿನ ತೀನ್ ಕಂದಿಲ್ ವೃತ್ತದ ಹತ್ತಿರದ ನಮ್ಮ ರಿಪೇರಿ ಅಂಗಡಿಗೆ ತಂದಾಗ ನಾನು ಏನಂದಿದ್ದೆ? "ಬಿಚ್ಚಿ ಸ್ಪಿರಿಟ್‌ಲೆ ತೊಳಿಯೂಣು ಯಪ್ಪಾ." ನೀನು ನಕ್ಕೆ. "ನೀ ಹುಟ್ಟೂಕಿಂತ ಮದ್ಲ ನಾ ಬಿಸಿ ತೌಡಿನ್ಯಾಗ ರೇಡಿಯೊ ಬದುಕಿಸೀನಿ, ಸುಮ್ನಿರು ಬೇ." ನಮ್ಮ ರಾಯಚೂರಿನವರ ಹುಚ್ಚೇ ಇದು, ಏನು ನೆನೆದರೂ ನೀರು ಹೀರುವ ಬಿಸಿ ತೌಡಿಗಾಗಿ ರೈಸ್ ಮಿಲ್ಲಿಗೆ ಓಡುವುದು. ಲೋಕ ತೌಡು ಕುಟ್ಟಿದರೆ ನೀನು ತೌಡಿನಲ್ಲಿ ಯಂತ್ರ ಹೂತೆ. ಎಣ್ಣೆಜಿಡ್ಡಿನ ತೌಡು ಒಳಗಿನ ನೀರಿನೊಂದಿಗೆ ಕಲೆತು ಹಿಟ್ಟಾಯಿತು, ಹುಳಿ ಬಂತು, ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದಿತು. ನೀನು ಬ್ಯಾಟರಿ ಹಚ್ಚಿದ ಕೂಡಲೇ ಹೊಗೆ ಎದ್ದಿತು.

ಭೀಮಣ್ಣ ಬಂದ ದಿನ ಅಂಗಡಿಯ ಬೆಂಚಿನ ಮೇಲೆ ಕಲ್ಲೂರಿನ ರೈತರೊಬ್ಬರು ರಿಪೇರಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ತಂದು ಕೂತಿದ್ದರು. ಅವರೆದುರೇ ನೀನು ಅಂದೆ, "ನಾ ಬ್ಯಾಡ ಬ್ಯಾಡ ಅಂದ್ರೂ ನನ್ನ ಮಗಳು ಬಿಚ್ಚಿ ಕೆಡಿಸ್ಯಾಳ ನೋಡು." ಎಷ್ಟು ಸಲೀಸಾಗಿ ಅಂದೆ! ಗಿರಾಕಿಯ ಮುಂದೆ ಅಪ್ಪನ ಮಾತಿಗೆ ಎದುರಾಡಬಾರದು ಅಂತ ಕಲಿಸಿದವನೂ ನೀನೇ. ನಾನು ನುಂಗಿಕೊಂಡೆ. ಕಲ್ಲೂರಿನವರು ಸ್ಟಾರ್ಟರ್ ಎತ್ತಿಕೊಂಡು ಮೆಲ್ಲಗೆ ಎದ್ದು ಹೋದರು. ಮಿಸ್ತ್ರಿಯ ಮಗಳ ಕೈಗೆ ಕೊಟ್ಟರೆ ಸುಟ್ಟು ಕೊಡುತ್ತಾಳೆ ಅಂತ ಮಾನ್ವಿಯ ತನಕ ಸುದ್ದಿಯಾಯಿತು. ನನಗೆ ಬರುವ ವಿದ್ಯೆ ಇದೊಂದೇ ಅಂತ ನಿನಗೆ ಗೊತ್ತಿರಲಿಲ್ಲವೇ?

ಆಸ್ಪತ್ರೆಯಲ್ಲಿ ನೀನು ಎದೆ ಹಿಡಿದುಕೊಂಡು ಮಲಗಿದ್ದೆ, ಕೈ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದೆ. ಈಗಲಾದರೂ ನಿಜ ಹೇಳುತ್ತೀಯೇನೋ ಅಂತ ಬಾಯಿಗೆ ಕಿವಿ ಕೊಟ್ಟೆ. "ಅಂಗಡಿ ಮಾರಿಬಿಡು. ನಿನ್ನ ಕೈಲೆ ನಡಿಯಂಗಿಲ್ಲ." ಆಮೇಲೆ ನೀನು ನೀರು ಕೇಳಿದೆ, ನಾನು ಕುಡಿಸಿದೆ. ನಿನ್ನ ಹೆಣದ ಮುಂದೆ ನನಗೆ ಅಳು ಬರಲಿಲ್ಲ. ದುಃಖಕ್ಕೆ ಕಲ್ಲಾಗಿದ್ದಾಳೆ ಅಂದರು ಜನ. ಅದು ಸಿಟ್ಟು ಯಪ್ಪಾ, ಬರೀ ಸಿಟ್ಟು.

ನಿನ್ನ ದಿವಸದ ಕಾರ್ಯ ಮುಗಿಯುತ್ತಲೇ, ಭೀಮಣ್ಣ ಅವತ್ತು ತಿರುಗಿಸಿ ನೋಡಿ ಅಂಗಡಿಯಲ್ಲೇ ಬಿಟ್ಟು ಹೋಗಿದ್ದ ಆ ಯಂತ್ರ ಬಿಚ್ಚಿದೆ. ಒಳಗೆ ಹಳಸಿದ ಅಂಬಲಿಯ ವಾಸನೆ. ತೌಡು ಕೆರೆದೆ, ತೊಳೆದೆ, ಹರಿದ ಗೆರೆಗಳಿಗೆ ಸಣ್ಣ ತಂತಿ ಕೂಡಿಸಿದೆ, ಸುಟ್ಟದ್ದನ್ನು ಬದಲಿಸಿದೆ. ಆದರೆ ವೈರಿನ ತುದಿಗಿರುವ, ಮೀನು ಪತ್ತೆ ಹಚ್ಚುವ ಅದರ ಗುಂಡನ್ನು ನೀರಿಗೆ ಇಳಿಸದೆ ಪರೀಕ್ಷೆ ಮಾಡಲು ಬರುವುದಿಲ್ಲ. ಗಬ್ಬೂರಿನ ಬಸ್ಸು ಹತ್ತಿ ಹೊಳೆಗೆ ಹೋಗಿ, ಅದೇ ಭೀಮಣ್ಣನ ಹತ್ತಿರ ಅದೇ ದೋಣಿ ಕೇಳಿದೆ. ಬೈದುಬಿಡುತ್ತಾನೆ ಅಂದುಕೊಂಡಿದ್ದೆ. ಅವನು ಹಗ್ಗ ಬಿಚ್ಚಿ, ಬಲೆ ತಗೊಂಡು ತಾನೂ ಹತ್ತಿದ. ಪರದೆ ಹೊತ್ತಿತು, ಆದರೆ ಖಾಲಿ. ಗುಂಡಿನ ವೈರು ಒಳಗೇ ಹಸಿರುಗಟ್ಟಿತ್ತು. ಅಲ್ಲಿಯೇ ದೋಣಿಯಲ್ಲಿ ಕೂತು ಕತ್ತರಿಸಿ, ಹೊಸದಾಗಿ ಕೂಡಿಸಿದೆ. ಹೊಳೆಯ ತಳ ಗೆರೆಯಾಗಿ ಮೂಡಿತು, ಅದರ ಮೇಲೆ ಮೀನಿನ ಹಿಂಡು. ಭೀಮಣ್ಣ ಬಲೆ ಬೀಸಿದ. ಎಳೆಯುವಾಗ ಭಾರಕ್ಕೆ ದೋಣಿಯೇ ವಾಲಿದ್ದನ್ನು ನೀನು ನೋಡಬೇಕಿತ್ತು!

ಆಗ ಅವನು ಅಂದ, "ಅವತ್ತ ಯಂತ್ರದ ಸಂದ್ಯಾಗ ತೌಡು ಕಂಡಾಗ್ಲೇ ಗೊತ್ತಾತು ಯವ್ವಾ, ಇದು ಮಿಸ್ತ್ರಿ ಕೆಲ್ಸ ಅಂತ. ದೊಡ್ಡಾಂವ ಅದಾನ, ಮರ್ಯಾದಿ ಉಳೀಲಿ ಅಂತ ಸುಮ್ನಿದ್ದೆ."

"ನಂದು ಮರ್ಯಾದಿ ಅಲ್ಲೇನ್ ಭೀಮಣ್ಣ?" ಅಂದೆ. ಅವನು ಬಲೆ ಬಿಡಿಸುತ್ತಾ ಕೂತ.

ನಿನಗೆ ಗೊತ್ತಿಲ್ಲದ ಸುದ್ದಿ ಇದು. ಅಂಗಡಿ ಮಾರಿಲ್ಲ. ಮಾರುವುದೂ ಇಲ್ಲ. ನಿನ್ನ ಫೋಟೊ ಗೋಡೆಯ ಮೇಲಿದೆ, ದಿನಾ ವಿಭೂತಿ ಹಚ್ಚುತ್ತೇನೆ. ಅದರ ಮುಂದೆ, ಊದಿನಕಡ್ಡಿಯ ಪಕ್ಕ, ಆ ಯಂತ್ರದಿಂದ ಕೆರೆದ ತೌಡನ್ನು ಗಾಜಿನ ಬಾಟಲಿಗೆ ತುಂಬಿ ಇಟ್ಟಿದ್ದೇನೆ. ಮೊನ್ನೆ ಅದೇ ಕಲ್ಲೂರಿನವರು ಬಂದವರು, "ಇದೇನ್ ಪ್ರಸಾದ ಏನ್ರೀ?" ಅಂತ ಕೈ ಮುಗಿದರು. ಕೂಡಿಸಿ, ಚಹಾ ಕೊಟ್ಟು, ಪೂರ್ತಿ ಹೇಳಿದೆ. ಕೇಳಿದವರಿಗೆಲ್ಲ ಹೇಳುತ್ತೇನೆ. ಹೋಗುವಾಗ ಅವರು ಸ್ಟಾರ್ಟರ್ ಬಿಟ್ಟು ಹೋದರು.

ಅವ್ವ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆ, ಬಾಟಲಿ ತೆಗಿ ಅನ್ನುತ್ತಾಳೆ ಅಂದುಕೊಂಡೆ. ನಿನ್ನ ಫೋಟೊ ನೋಡಿದಳು, ಬಾಟಲಿ ನೋಡಿದಳು. ಆಮೇಲೆ ಒಂದೇ ಮಾತು ಅಂದಳು.

"ಮುಚ್ಚಳ ಬಿಗಿ ಹಾಕು ಬೇ, ಹುಳ ಬಿದ್ದೀತು."

ಬಿಗಿ ಹಾಕಿದ್ದೇನೆ ಯಪ್ಪಾ. ಬಹಳ ವರ್ಷ ಬಾಳುತ್ತದೆ.

ನಿನ್ನ ಮಗಳು