ಅಣ್ಣನ ಸೀಟಿನ ಎತ್ತರ

ಅಣ್ಣಾ,

"ಗೊತ್ತಿರುವ ದಾರಿಯೇ ದೂರ" ಎಂದು ಕಾಲೇಜಿನಲ್ಲಿ ನೀನೊಂದು ಸಾಲು ಬರೆದಿದ್ದೆಯಲ್ಲ? ದೂರ ಎಂದಿತ್ತೋ ಹತ್ತಿರ ಎಂದಿತ್ತೋ ಮರೆತಿದ್ದೇನೆ. ನಿನ್ನ ಸೈಕಲ್ ತುಳಿಯುವಾಗ ಎರಡೂ ನಿಜ ಅನ್ನಿಸುತ್ತದೆ.

ಕಾಲಿನ ಆಪರೇಷನ್ ಆಯಿತು, ಇನ್ನು ಸೈಕಲ್ ಮಾರಿಬಿಡು ಎಂದು ಆಸ್ಪತ್ರೆಯಿಂದ ಬರೆದಿದ್ದೀಯ. ಅದನ್ನು ಆಮೇಲೆ ಮಾತಾಡೋಣ. ಸದ್ಯಕ್ಕೆ ಸೈಕಲ್ಲಿನಲ್ಲಿ ಸುತ್ತಿ ತೆಗೆದ ನಮ್ಮ ಸಮುದ್ರದಂಚಿನ ಫೋಟೋಗಳನ್ನು ಇದರೊಂದಿಗೆ ಇಟ್ಟಿದ್ದೇನೆ, ನೋಡು. ಎಲ್ಲದರ ಮೂಲೆಯಲ್ಲೂ ಒಂದು ಗೋಡೆಯೋ ಕಟ್ಟೆಯೋ ಇಣುಕುತ್ತದೆ. ಸೀಟು ನಿನ್ನ ಎತ್ತರಕ್ಕಿದೆ, ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಾಲೂರಲು ಏನಾದರೂ ಸಿಕ್ಕಲ್ಲಿ ಮಾತ್ರ ನಿಲ್ಲುತ್ತೇನೆ. ಲೈಟ್‌ಹೌಸಿನ ಬಳಿ ಬರೀ ಮರಳು, ಆ ಫೋಟೋ ನೀನೇ ತೆಗೆಯಬೇಕು.

ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಬೇಡ. ಗಾಳಿ ಹೊಡೆಯುವ ಪಂಪು ಎಲ್ಲಿಟ್ಟಿದ್ದೀಯ, ತಿಳಿಸು.

ನಿನ್ನ
ತಂಗಿ

ಹೇಳಲು ಮರೆತೆ. ನಿನ್ನೆ ಬಾಗಿಲಲ್ಲಿ ಇಳಿಯಲು ಹೋಗಿ ಬಿದ್ದೆ. ಪಕ್ಕದ ಮನೆಯ ಟೈಲರ್ ಮಾಮ ಓಡಿಬಂದು ಎಬ್ಬಿಸಿದರು. "ಸೀಟು ಇಳಿಸ್ಕೊಳ್ಳೋಕೆ ಏನಮ್ಮಾ ಧಾಡಿ ನಿಂಗೆ? ಸ್ಪ್ಯಾನರ್ ತರ್ಲಾ?"

"ಬೇಡ ಮಾಮ, ಅಣ್ಣ ಬರ್ತಾನೆ" ಎಂದೆ.

ಅವರು ಸೈಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದರು. "ಹಾಗಾದ್ರೆ ಬೇಗ ಬರೋಕೆ ಹೇಳು. ಅಲ್ಲೀವರೆಗೂ ಬೀದಿ ಮೂಲೇಲೇ ಬೆಲ್ ಹೊಡಿ, ಬಂದು ಹಿಡ್ಕೋತೀನಿ."